ಹಳಗನ್ನಡ ಪದ್ಯವನ್ನು ಪ್ರೌಢಶಾಲೆಯಲ್ಲಿ ಕಲಿಸುವ ಬಗೆ: ಸಾರಾಂಶಕ್ಕಿಂತ ಮೊದಲು ಓದು

ಪ್ರೌಢಶಾಲೆಗೆ ಹೊಸದಾಗಿ ಬಂದ ಕನ್ನಡ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಗದ್ಯಪಾಠಗಳು ಹೇಗೋ ಸಾಗುತ್ತವೆ, ಆದರೆ ಪಂಪ, ರನ್ನ, ರಾಘವಾಂಕ, ಕುಮಾರವ್ಯಾಸರ ಪದ್ಯ ಬಂದ ಕೂಡಲೇ ತರಗತಿ ಮಂಕಾಗುತ್ತದೆ. ಸಾರಾಂಶ ಬರೆಸಿ ಮುಂದಕ್ಕೆ ಹೋಗುವುದಲ್ಲದೆ ಬೇರೆ ದಾರಿಯಿದೆಯೇ ಎಂಬುದು ಅವರ ಸಂಕಟ. ದಾರಿಯಿದೆ. ಅದಕ್ಕೆ ಹೆಚ್ಚಿನ ಅವಧಿಗಳೂ ಬೇಕಿಲ್ಲ; ಈಗ ಮಾಡುತ್ತಿರುವ ಕೆಲಸಗಳ ಕ್ರಮವನ್ನು ಬದಲಿಸಿದರೆ ಸಾಕು. ನಮ್ಮಲ್ಲಿ ಬಹುಪಾಲು ಮಂದಿ ಕವಿಪರಿಚಯ, ಸಾರಾಂಶ, ಕಠಿಣ ಪದಗಳ ಅರ್ಥ, ಪ್ರಶ್ನೋತ್ತರ ಎಂಬ ಕ್ರಮದಲ್ಲಿ ಪಾಠ ಮಾಡುತ್ತೇವೆ. ಈ ಕ್ರಮದಲ್ಲಿ ಪದ್ಯವನ್ನು ಓದುವ ಅಗತ್ಯವೇ ವಿದ್ಯಾರ್ಥಿಗೆ ಬೀಳುವುದಿಲ್ಲ, ಏಕೆಂದರೆ ಪದ್ಯದಲ್ಲಿ ಏನಿದೆ ಎಂಬುದನ್ನು ನಾವು ಮೊದಲೇ ಹೇಳಿಬಿಟ್ಟಿರುತ್ತೇವೆ.

ಈ ಲೇಖನ ಎಂಟರಿಂದ ಹತ್ತನೆಯ ತರಗತಿಯವರೆಗಿನ ಪ್ರಥಮ ಭಾಷೆ ಕನ್ನಡದ ಶಿಕ್ಷಕರಿಗಾಗಿ. ಒಂದು ಪದ್ಯಪಾಠಕ್ಕೆ 40ರಿಂದ 45 ನಿಮಿಷಗಳ ಐದು ಅವಧಿಗಳು ಸಿಗುತ್ತವೆ ಎಂದು ಇಟ್ಟುಕೊಂಡಿದ್ದೇನೆ. ನಾಲ್ಕೇ ಸಿಕ್ಕಿದರೆ ಯಾವುದನ್ನು ಬಿಡಬಹುದು ಎಂಬುದನ್ನು ಆಯಾ ಹಂತದಲ್ಲಿ ಹೇಳಿದ್ದೇನೆ.

ಬೇಕಾದ ಸಿದ್ಧತೆ

ಪಠ್ಯಪುಸ್ತಕದಲ್ಲಿರುವುದು ಕಾವ್ಯದ ಒಂದು ತುಣುಕು ಮಾತ್ರ. ಆ ತುಣುಕಿನ ಹಿಂದಿನ ಹಾಗೂ ಮುಂದಿನ ಹತ್ತಿಪ್ಪತ್ತು ಪದ್ಯಗಳನ್ನಾದರೂ ನೀವು ಓದಿರಬೇಕು. ಗದ್ಯಾನುವಾದ ಸಹಿತವಾದ ಮುದ್ರಣ ಸಿಕ್ಕರೆ ಕೆಲಸ ಹಗುರಾಗುತ್ತದೆ. ಎರಡನೆಯದಾಗಿ ಒಂದು ಒಳ್ಳೆಯ ನಿಘಂಟು ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪದದ ಅರ್ಥದ ಜೊತೆಗೆ ಹಳೆಯ ಕಾವ್ಯಗಳ ಪ್ರಯೋಗಗಳನ್ನೂ ಕೊಡುವುದರಿಂದ ಶಿಕ್ಷಕರಿಗೆ ಅದೇ ಹೆಚ್ಚು ಉಪಯುಕ್ತ. 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಅರ್ಥವನ್ನು ಇಂಗ್ಲಿಷಿನಲ್ಲಿ ಕೊಡುತ್ತದೆಯಾದರೂ ಇಂದಿಗೂ ಕೆಲಸಕ್ಕೆ ಬರುತ್ತದೆ. ಉಳಿದಂತೆ ಕಪ್ಪುಹಲಗೆ, ಸೀಮೆಸುಣ್ಣ ಮತ್ತು ನಿಮ್ಮ ದನಿ ಸಾಕು.

ಮಾರುಕಟ್ಟೆಯ ಗೈಡುಗಳನ್ನು ನೀವು ಸಿದ್ಧತೆಗೆ ಬಳಸಬೇಡಿ. ತಪ್ಪಿರುತ್ತವೆ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದುದೆಂದರೆ, ವಿದ್ಯಾರ್ಥಿಯ ಕೈಯಲ್ಲೂ ಅದೇ ಗೈಡ್ ಇರುತ್ತದೆ, ಮತ್ತು ನಿಮ್ಮ ಮಾತು ಅದರೊಂದಿಗೆ ಹೊಂದಿದ ಕ್ಷಣದಿಂದ ಅವರು ನಿಮ್ಮ ಪಾಠವನ್ನು ಕೇಳುವುದನ್ನು ನಿಲ್ಲಿಸುತ್ತಾರೆ.

1. ಪಾಠಕ್ಕೆ ಮುನ್ನ ಒಂದು ಪ್ರಶ್ನೆಯನ್ನು ನಿಶ್ಚಯಿಸಿಕೊಳ್ಳಿ

ಇಡೀ ಪದ್ಯಭಾಗವನ್ನು ಓದಿ ಮುಗಿಸಿದ ಮೇಲೆ ವಿದ್ಯಾರ್ಥಿಯು ಯಾವ ಪ್ರಶ್ನೆಗೆ ಪದ್ಯದ ಮಾತುಗಳಿಂದಲೇ ಉತ್ತರ ಕೊಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದು ನೀತಿಯ ಪ್ರಶ್ನೆಯಾಗಬಾರದು. ‘ಈ ಪದ್ಯದಿಂದ ನಾವು ಕಲಿಯಬೇಕಾದ ಪಾಠವೇನು’ ಎಂದು ಕೇಳಿದರೆ ಪದ್ಯವನ್ನು ಓದದ ಮಗುವೂ ಉತ್ತರಿಸಬಲ್ಲದು. ರನ್ನನ ಗದಾಯುದ್ಧದ ಭಾಗವಾದರೆ, ಸೋಲು ಖಚಿತವೆಂದು ತಿಳಿದ ಮೇಲೂ ದುರ್ಯೋಧನ ಸಂಧಿಗೆ ಏಕೆ ಒಪ್ಪುವುದಿಲ್ಲ, ಅವನೇ ಕೊಡುವ ಕಾರಣಗಳಾವುವು ಎಂದು ಕೇಳಬಹುದು. ಇದಕ್ಕೆ ಉತ್ತರ ಬೇಕಾದರೆ ಪುಟವನ್ನು ತೆರೆಯಲೇಬೇಕಾಗುತ್ತದೆ.

2. ಸಂದರ್ಭವನ್ನು ಐದು ನಿಮಿಷದಲ್ಲಿ ಕಥೆಯಾಗಿ ಹೇಳಿ

ಯಾರು, ಎಲ್ಲಿ, ಈಗ ತಾನೇ ಏನು ನಡೆದಿದೆ ಎಂಬಿಷ್ಟನ್ನು ಹೇಳಿ, ಮುಂದೇನಾಗುತ್ತದೆ ಎಂಬುದನ್ನು ಹೇಳದೆ ನಿಲ್ಲಿಸಿ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕವಿಪರಿಚಯಕ್ಕೆ ಇಡೀ ಅವಧಿಯನ್ನು ಕೊಡುವುದು. ಪಂಪ 902ರಲ್ಲಿ ಹುಟ್ಟಿದ, ಅರಿಕೇಸರಿಯ ಆಶ್ರಯದಲ್ಲಿದ್ದ, ಆದಿಪುರಾಣ ಮತ್ತು ವಿಕ್ರಮಾರ್ಜುನ ವಿಜಯಗಳನ್ನು ರಚಿಸಿದ ಎಂಬ ವಿವರಗಳು ಬೇಕಾದವೇ. ಆದರೆ ಪದ್ಯ ಹಿಡಿಸಿದ ಮೇಲೆ, ‘ಇದನ್ನು ಬರೆದವನು ಯಾರು’ ಎಂಬ ಕುತೂಹಲ ಹುಟ್ಟಿದ ಮೇಲೆ ಹೇಳಿದರೆ ಅವು ನೆನಪಿನಲ್ಲಿ ಉಳಿಯುತ್ತವೆ. ಕವಿಪರಿಚಯವನ್ನು ಕೊನೆಯ ಅವಧಿಗೆ ಇಟ್ಟುಕೊಳ್ಳಿ.

3. ಮೂರು ಬಾರಿ ಓದಿ, ಅರ್ಥ ಹೇಳಬೇಡಿ

ಹಳೆಯ ಕಾವ್ಯ ಕಿವಿಗಾಗಿ ರಚಿತವಾದುದು. ಗಮಕ ಎಂಬ ಕಲೆ ಇರುವುದೇ ಇದರಿಂದ: ಒಬ್ಬರು ಕಾವ್ಯವನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನಿಮಗೆ ರಾಗ ಬಾರದಿದ್ದರೆ ಚಿಂತೆಯಿಲ್ಲ, ಲಯ ತಪ್ಪದೆ ಗಟ್ಟಿಯಾಗಿ ಓದಿದರೆ ಸಾಕು. ಮೊದಲ ಓದಿನಲ್ಲಿ ಮಕ್ಕಳು ಪುಸ್ತಕ ಮುಚ್ಚಿ ಕೇಳಲಿ. ಎರಡನೆಯ ಓದಿನಲ್ಲಿ ಪುಸ್ತಕ ತೆರೆದು ಕಣ್ಣಾಡಿಸಲಿ. ಮೂರನೆಯ ಬಾರಿ ಸಾಲುಸಾಲಾಗಿ ನಿಮ್ಮ ಹಿಂದೆ ಹೇಳಲಿ.

ಷಟ್ಪದಿಯಲ್ಲಿ, ಅಂದರೆ ಆರು ಸಾಲುಗಳ ಪದ್ಯದಲ್ಲಿ, ಇದು ಬಹಳ ಬೇಗ ಫಲ ಕೊಡುತ್ತದೆ. ‘ತಿಳಿಯ ಹೇಳುವೆ ಕೃಷ್ಣಕಥೆಯನು’ ಎಂಬ ಕುಮಾರವ್ಯಾಸನ ಸಾಲನ್ನು ಮೂರು, ನಾಲ್ಕು, ಮೂರು, ನಾಲ್ಕು ಎಂಬ ಎಣಿಕೆಗೆ ಮೇಜಿನ ಮೇಲೆ ಬೆರಳು ತಟ್ಟುತ್ತ ಹೇಳಿಸಿ. ಭಾಮಿನಿ ಎಂಬ ಈ ಬಗೆಯ ಷಟ್ಪದಿಯ ಹೆಸರನ್ನೂ ಕೇಳಿರದ ಮಕ್ಕಳು ನಾಲ್ಕನೆಯ ಸಾಲಿನ ಹೊತ್ತಿಗೆ ಆ ನಡೆಯನ್ನು ಹಿಡಿದಿರುತ್ತಾರೆ.

ಓದು ಮುಗಿದ ಕೂಡಲೇ, ಅರ್ಥವಾದ ಪದಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಹಾಕಲು ಹೇಳಿ. ಅರ್ಥವಾಗದ ಪದಗಳಿಗೆ ಹಾಕಿಸಬೇಡಿ, ಪುಟವೆಲ್ಲ ಗೆರೆಯಾಗಿ ಮಗು ಅಲ್ಲೇ ಸೋಲೊಪ್ಪಿಕೊಳ್ಳುತ್ತದೆ. ಅರ್ಥವಾದುದನ್ನು ಗುರುತಿಸಿದಾಗ, ಎದುರಿಗಿರುವುದು ತನ್ನದೇ ಭಾಷೆ ಎಂಬುದು ಅದಕ್ಕೆ ಕಾಣುತ್ತದೆ.

4. ಪದವಿಭಾಗ

ಕೂಡಿಕೊಂಡಿರುವ ಪದಗಳನ್ನು ಬಿಡಿಸಿ ಬರೆಯುವುದೇ ಪದವಿಭಾಗ. ಹಳಗನ್ನಡ ಕಷ್ಟವೆನಿಸುವುದಕ್ಕೆ ಅಪರಿಚಿತ ಪದಗಳಿಗಿಂತಲೂ ಪರಿಚಿತ ಪದಗಳು ಅಂಟಿಕೊಂಡು ಬೇರೆ ರೂಪದಲ್ಲಿ ಕಾಣುವುದೇ ಹೆಚ್ಚಿನ ಕಾರಣ. ಆದ್ದರಿಂದ ಐದರಲ್ಲಿ ಎರಡು ಅವಧಿಗಳನ್ನು ಈ ಹಂತಕ್ಕೇ ಕೊಡಿ. ಅವಧಿಗಳು ಕಡಿಮೆಯಾದರೂ ಇದನ್ನು ಮಾತ್ರ ಕತ್ತರಿಸಬೇಡಿ.

ಮೊದಲು ಕಪ್ಪುಹಲಗೆಯ ಒಂದು ಬದಿಯಲ್ಲಿ ಈ ಕೆಲವು ನಿಯಮಗಳನ್ನು ಬರೆದು, ಪಾಠ ಮುಗಿಯುವವರೆಗೂ ಅಳಿಸದೆ ಉಳಿಸಿ:

– ಪದದ ಮೊದಲಿನ ‘ಪ’ ಹೊಸಗನ್ನಡದಲ್ಲಿ ಬಹುಮಟ್ಟಿಗೆ ‘ಹ’ ಆಗಿದೆ: ಪಾಲ್–ಹಾಲು, ಪೆಸರ್–ಹೆಸರು, ಪಗೆ–ಹಗೆ.
– ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಇಂದು ‘ಉ’ ಸೇರಿದೆ: ಕಾಲ್–ಕಾಲು, ಬೇರ್–ಬೇರು.
– ‘ಒಳ್’ ಎಂದರೆ ‘ಅಲ್ಲಿ’, ‘ಇಂ’ ಎಂದರೆ ‘ಇಂದ’: ಮನೆಯೊಳ್, ಮರದಿಂ.
– ‘ಒಡೆ’ ಎಂದರೆ ‘ಅರೆ’, ‘ಒಡಂ’ ಎಂದರೆ ‘ಅರೂ’: ಬಂದೊಡೆ–ಬಂದರೆ, ಬಂದೊಡಂ–ಬಂದರೂ.
– ಸೊನ್ನೆಯ ಮುಂದೆ ಸ್ವರ ಬಂದರೆ ಸೊನ್ನೆ ‘ಮ’ಕಾರವಾಗುತ್ತದೆ.

ಮೊದಲ ನಿಯಮಕ್ಕೆ ಒಂದು ಎಚ್ಚರಿಕೆ ಸೇರಿಸಿ. ಪಾಪ, ಪುಣ್ಯಗಳಂಥ ಸಂಸ್ಕೃತ ಪದಗಳಲ್ಲಿ ‘ಪ’ ಹಾಗೆಯೇ ಉಳಿಯುತ್ತದೆ, ‘ಪಡೆ’ಯಂಥ ಕೆಲವು ಕನ್ನಡ ಪದಗಳಲ್ಲೂ ಉಳಿದಿದೆ, ಇದನ್ನು ಹೇಳದಿದ್ದರೆ ಮಕ್ಕಳು ಕಂಡಲ್ಲೆಲ್ಲ ‘ಹ’ ಹಾಕುತ್ತಾರೆ. ತಮಿಳು ಬಲ್ಲ ಮಕ್ಕಳು ತರಗತಿಯಲ್ಲಿದ್ದರೆ ‘ಪಾಲ್’ ಅವರಿಗೆ ಮನೆಯ ಮಾತೇ ಆಗಿರುತ್ತದೆ, ಅವರಿಂದಲೇ ಹೇಳಿಸಿ.

ಇನ್ನು ಅಭ್ಯಾಸಕ್ಕೆ ಬನ್ನಿ. ಪಠ್ಯದ ಪದ್ಯಕ್ಕೆ ಕೈಹಾಕುವ ಮೊದಲು ನಾನು ಯಾವಾಗಲೂ ಪಂಪನ ಬನವಾಸಿಯ ಪದ್ಯವನ್ನು ಬಿಡಿಸುತ್ತೇನೆ, ಏಕೆಂದರೆ ಮೇಲಿನ ನಿಯಮಗಳಲ್ಲಿ ಹೆಚ್ಚಿನವು ಆ ಒಂದೇ ಪದ್ಯದಲ್ಲಿ ಸಿಗುತ್ತವೆ. ಅದರ ಆರಂಭ ಹೀಗಿದೆ:

ತೆಂಕಣ ಗಾಳಿ ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ ಗೇ
ಯಂ ಕಿವಿವೊಕ್ಕೊಡಂ ಬಿರಿದ ಮಲ್ಲಿಗೆಗಂಡೊಡಂ…

‘ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ’ ಎಂಬುದನ್ನು ನೋಡಿದರೆ ಯಾರಿಗಾದರೂ ಉಸಿರು ಕಟ್ಟುತ್ತದೆ. ‘ಒಡಂ’ ಎಲ್ಲೆಲ್ಲಿ ಅಡಗಿದೆ ಹುಡುಕಿ ಎಂದಷ್ಟೇ ಹೇಳಿ. ಹುಡುಕಿದ ಕೂಡಲೇ ಸಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ: ಸೋಂಕಿದೊಡಂ, ಒಳ್ನುಡಿ ಕೇಳ್ದೊಡಂ, ಇಂಪನ್ ಆಳ್ದ ಗೇಯಂ ಕಿವಿ ಪೊಕ್ಕೊಡಂ, ಬಿರಿದ ಮಲ್ಲಿಗೆ ಕಂಡೊಡಂ. ತೆಂಕಣ ಗಾಳಿ ಸೋಕಿದರೂ, ಒಳ್ಳೆಯ ಮಾತು ಕೇಳಿದರೂ, ಇಂಪಾದ ಹಾಡು ಕಿವಿಯನ್ನು ಹೊಕ್ಕರೂ, ಬಿರಿದ ಮಲ್ಲಿಗೆಯನ್ನು ಕಂಡರೂ ಎಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ‘ಕೇಳ್ದೊಡಂ’ ಎಂಬುದು ‘ಗೇಳ್ದೊಡಂ’ ಆದುದೇಕೆ, ‘ಪೊಕ್ಕೊಡಂ’ ಎಂಬುದು ‘ವೊಕ್ಕೊಡಂ’ ಆದುದೇಕೆ ಎಂದು ಆಗ ಕೇಳಿ. ಇದು ಆದೇಶ ಸಂಧಿ, ಅಂದರೆ ಒಂದು ವ್ಯಂಜನದ ಸ್ಥಾನದಲ್ಲಿ ಇನ್ನೊಂದು ವ್ಯಂಜನ ಬರುವುದು; ಮಳೆಗಾಲದಲ್ಲಿ ‘ಕಾಲ’ ‘ಗಾಲ’ ಆದಂತೆ. ವ್ಯಾಕರಣದ ಪಾಠದಲ್ಲಿ ಬಾಯಿಪಾಠ ಮಾಡಿದ ನಿಯಮ ಇಲ್ಲಿ ಒಂದು ಬೀಗವನ್ನು ತೆರೆಯುವುದನ್ನು ಅವರು ಕಣ್ಣಾರೆ ಕಾಣುತ್ತಾರೆ.

‘ಗೇಯಂ’ ಎಂಬ ಪದ ಏಕೆ ಎರಡು ಸಾಲಿಗೆ ಹರಿದುಹೋಗಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ. ಉತ್ತರ ಆದಿಪ್ರಾಸದಲ್ಲಿದೆ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮದಲ್ಲಿ: ‘ತೆಂಕ’, ‘ಯಂಕಿ’. ಪದ ಅಲ್ಲಿ ತುಂಡಾದುದರಿಂದಲೇ ಆ ಹೊಂದಿಕೆ ಸಾಧ್ಯವಾಗಿದೆ.

ಕೊನೆಯ ಸಾಲಿನ ‘ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಂಬಲ್ಲಿ ಒಂದು ಜಾರುನೆಲವಿದೆ. ‘ಮನಂ’, ‘ದೇಶಮಂ’ ಎರಡೂ ಸೊನ್ನೆಯಲ್ಲಿ ಮುಗಿಯುವುದರಿಂದ ಯಾವುದು ಯಾವುದನ್ನು ನೆನೆಯಿತು ಎಂಬಲ್ಲಿ ಮಕ್ಕಳು ಎಡವುತ್ತಾರೆ. ‘ಮನಂ’ ಪ್ರಥಮಾ ವಿಭಕ್ತಿ, ಮನಸ್ಸು ಎಂದರ್ಥ. ‘ದೇಶಮಂ’ ದ್ವಿತೀಯಾ, ದೇಶವನ್ನು ಎಂದರ್ಥ. ‘ದೇಶಂ’ ಎಂಬುದರ ಮೇಲೆ ಇನ್ನೊಂದು ‘ಅಂ’ ಕುಳಿತಿದೆ ಎಂದು ಬಿಡಿಸಿ ತೋರಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಈ ಒಂದು ಗೊಂದಲವನ್ನು ಇಲ್ಲಿಯೇ ಪರಿಹರಿಸಿದರೆ ಮುಂದಿನ ಎಷ್ಟೋ ಪದ್ಯಗಳು ಸುಗಮವಾಗುತ್ತವೆ.

ಪದವಿಭಾಗವನ್ನು ನೀವೇ ಮಾಡಿ ಹಲಗೆಯ ಮೇಲೆ ಬರೆದುಕೊಡುವ ಆಸೆಯನ್ನು ತಡೆದುಕೊಳ್ಳಿ. ಮೊದಲ ಸಾಲನ್ನು ನೀವು ಬಿಡಿಸಿ, ಎರಡನೆಯದನ್ನು ತರಗತಿಯೊಂದಿಗೆ ಸೇರಿ ಬಿಡಿಸಿ, ಉಳಿದುದನ್ನು ಇಬ್ಬಿಬ್ಬರು ಕೂತು ಬಿಡಿಸಲಿ. ತಪ್ಪಾಗಿ ಒಡೆದರೆ ‘ತಪ್ಪು’ ಎನ್ನುವ ಬದಲು, ಹಾಗೆ ಒಡೆದಾಗ ಅರ್ಥ ಕೂಡಿಬರುತ್ತದೆಯೇ ಎಂದು ಕೇಳಿ.

5. ಅನ್ವಯ, ಆಮೇಲೆ ಭಾವಾರ್ಥ

ಅನ್ವಯವೆಂದರೆ ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುವುದು: ಕರ್ತೃ, ಕರ್ಮ, ಕ್ರಿಯೆ. ‘ಎನ್ನ ಮನಂ ಬನವಾಸಿ ದೇಶಮಂ ನೆನೆವುದು’. ಇದಾದ ಮೇಲೆ ವಿದ್ಯಾರ್ಥಿ ತನ್ನ ಮಾತಿನಲ್ಲಿ ಎರಡು ಮೂರು ವಾಕ್ಯಗಳ ಭಾವಾರ್ಥ ಬರೆಯಲಿ. ಆಡುಮಾತಿನಲ್ಲಿ ಬರೆದರೂ ಈ ಹಂತದಲ್ಲಿ ತಿದ್ದಬೇಡಿ.

ಇಲ್ಲಿ ಕಾಯುವ ಅಪಾಯವೆಂದರೆ ಇಂದು ಬೇರೆ ಅರ್ಥದಲ್ಲಿ ಬಳಕೆಯಾಗುವ ಪದಗಳು. ಅಪರಿಚಿತ ಪದ ಬಂದರೆ ಮಗು ನಿಘಂಟನ್ನು ನೋಡುತ್ತದೆ, ಪರಿಚಿತವೆನಿಸಿದರೆ ನೋಡುವುದಿಲ್ಲ. ಕುಮಾರವ್ಯಾಸನ ‘ಕೊರಳ ಸೆರೆ’ ಎಂಬಲ್ಲಿ ಸೆರೆ ಎಂದರೆ ಬಂಧನವೆಂದು ಭಾವಿಸಿ ಕರ್ಣನ ಕೊರಳಿಗೆ ಹಗ್ಗ ಬಿಗಿದ ಉತ್ತರಪತ್ರಿಕೆಗಳನ್ನು ನಾನು ಹಲವು ಬಾರಿ ಕಂಡಿದ್ದೇನೆ. ಅಲ್ಲಿ ಸೆರೆ ಎಂದರೆ ನರ. ಇಂಥ ಪದಗಳನ್ನು ಪದ್ಯದಲ್ಲಿ ಮೊದಲೇ ಗುರುತಿಸಿಟ್ಟುಕೊಂಡು ಅವುಗಳ ಅರ್ಥವನ್ನು ಮಾತ್ರ ಮುಂಚಿತವಾಗಿ ಕೊಡಿ.

6. ನಿಶ್ಚಯಿಸಿಕೊಂಡ ಪ್ರಶ್ನೆಯನ್ನು ಈಗ ಕೇಳಿ

ಮೇಲೆ ಹೇಳಿದ ‘ಕೊರಳ ಸೆರೆ’ಯ ಪದ್ಯವನ್ನೇ ತೆಗೆದುಕೊಳ್ಳೋಣ. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಹುಟ್ಟಿನ ಗುಟ್ಟನ್ನು ತಿಳಿಸುತ್ತಾನೆ; ನೀನು ಕುಂತಿಯ ಮಗ, ಪಾಂಡವರಿಗೆ ಹಿರಿಯ, ರಾಜ್ಯ ನಿನ್ನದು ಎನ್ನುತ್ತಾನೆ. ಆಗ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ವುರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ಸಾರಾಂಶದಲ್ಲಿ ಇದು ‘ಕರ್ಣನಿಗೆ ಬಹಳ ದುಃಖವಾಯಿತು’ ಎಂದಾಗುತ್ತದೆ, ಮತ್ತು ಪದ್ಯ ಅಲ್ಲಿಗೆ ಸಾಯುತ್ತದೆ. ಸಾರಾಂಶವನ್ನು ಬದಿಗಿಟ್ಟು ಎರಡು ಪ್ರಶ್ನೆ ಕೇಳಿ. ಕವಿ ದುಃಖವೆಂದು ಹೇಳುವ ಮೊದಲು ನಮಗೆ ಏನನ್ನು ತೋರಿಸುತ್ತಾನೆ? ಉಬ್ಬಿದ ಕೊರಳ ನರವನ್ನು, ನುಗ್ಗಿಬಂದ ಕಣ್ಣೀರನ್ನು. ಅಳುವನ್ನು ತಡೆಹಿಡಿದವರ ಕೊರಳನ್ನು ನೋಡಿರುವ ಮಗುವಿಗೆ ಇದನ್ನು ವಿವರಿಸಬೇಕಿಲ್ಲ. ಎರಡನೆಯ ಪ್ರಶ್ನೆ: ತಾನು ಯಾರೆಂಬುದು ತಿಳಿದ ಆ ಕ್ಷಣದಲ್ಲಿ ಕರ್ಣನ ಮನಸ್ಸಿಗೆ ಮೊದಲು ಬಂದವರು ಯಾರು? ತಾಯಿಯಲ್ಲ, ತಮ್ಮಂದಿರಲ್ಲ, ಸಿಂಹಾಸನವಲ್ಲ, ಕುರುಪತಿ. ಇಷ್ಟನ್ನು ವಿದ್ಯಾರ್ಥಿಗಳು ಪದ್ಯದಿಂದ ತಾವೇ ಎತ್ತಿ ಹೇಳಿದಾಗ ತರಗತಿಯಲ್ಲಿ ಒಂದು ಮೌನ ಬರುತ್ತದೆ. ಆ ಮೌನವನ್ನು ನಿಮ್ಮ ವಿವರಣೆಯಿಂದ ತುಂಬಬೇಡಿ.

ಉತ್ತರ ಹೇಳುವ ಪ್ರತಿಯೊಬ್ಬರಿಗೂ ‘ಯಾವ ಪದದಿಂದ ಹಾಗೆನಿಸಿತು’ ಎಂದು ಮರುಪ್ರಶ್ನೆ ಹಾಕಿ. ಟಿವಿಯ ಮಹಾಭಾರತದಲ್ಲಿ ನೋಡಿದ್ದನ್ನು ಇಲ್ಲಿಗೆ ತರುವವರನ್ನು ಈ ಪ್ರಶ್ನೆಯೇ ಪದ್ಯಕ್ಕೆ ಮರಳಿಸುತ್ತದೆ.

ಮುಜುಗರದ ಭಾಗಗಳನ್ನು ಹಾರಿಸಿ ಹೋಗಬೇಡಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ವಿಶ್ವಾಮಿತ್ರ ಸೃಷ್ಟಿಸಿ ಕಳುಹಿಸಿದ ಹೆಣ್ಣುಗಳು ತಮ್ಮನ್ನು ವರಿಸುವಂತೆ ಅರಸನನ್ನು ಕೇಳುತ್ತಾರೆ. ಅವನು ಕುಲದ ಕಾರಣ ಹೇಳಿ ನಿರಾಕರಿಸುತ್ತಾನೆ. ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮನ್ನು ನೋಡಿದ ಕಣ್ಣಿಗೆ ಇಲ್ಲದ ದೋಷ ಮುಟ್ಟಿದರೆ ಮಾತ್ರ ಹೇಗೆ ಬರುತ್ತದೆ ಎಂದು ಅವರು ವಾದಿಸುತ್ತಾರೆ. ಹದಿಮೂರನೆಯ ಶತಮಾನದ ಕವಿ ಈ ವಾದವನ್ನು ಆ ಹೆಣ್ಣುಗಳ ಬಾಯಲ್ಲಿ ಎಷ್ಟು ಬಲವಾಗಿ ಆಡಿಸಿದ್ದಾನೆಂಬುದನ್ನು ಮಕ್ಕಳು ಗಮನಿಸಬೇಕು. ಆದರೆ ತರಗತಿಯ ಯಾವ ಮಗುವಿನ ಜಾತಿಯನ್ನೂ ಉದಾಹರಣೆಯಾಗಿ ಎತ್ತಬೇಡಿ, ಇನ್ನೊಬ್ಬರು ಎತ್ತಲೂ ಬಿಡಬೇಡಿ. ಚರ್ಚೆ ಅರಸನ ಮಾತು ಮತ್ತು ಆ ಹೆಣ್ಣುಗಳ ಮಾತಿನ ಮೇಲೆಯೇ ನಿಲ್ಲಲಿ.

7. ಛಂದಸ್ಸು

ಕಿವಿಗೆ ಲಯ ಕೂತ ಮೇಲೆ ಛಂದಸ್ಸಿಗೆ ಅರ್ಧ ಅವಧಿ ಸಾಕು. ನಾಲ್ಕೇ ಅವಧಿಗಳಿದ್ದರೆ ಇದನ್ನು ವ್ಯಾಕರಣದ ತರಗತಿಗೆ ವರ್ಗಾಯಿಸಿ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆ. ಲಘು ಎಂದರೆ ಒಂದು ಮಾತ್ರೆಯ ಅಕ್ಷರ, ಗುರು ಎಂದರೆ ಎರಡು ಮಾತ್ರೆಯದು. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಆರು ಗಣಗಳ, ಅಂದರೆ ಮೂರು ನಾಲ್ಕು ಮಾತ್ರೆಗಳ ಗುಂಪುಗಳ, ಮೇಲೆ ಒಂದು ಗುರು ಸೇರಿ 23. ಪ್ರಸ್ತಾರ ಹಾಕುವಾಗ, ಅಂದರೆ ಲಘು ಗುರುಗಳನ್ನು ಗುರುತಿಸಿ ಗಣ ವಿಂಗಡಿಸುವಾಗ, ಮಕ್ಕಳು ಎರಡು ಕಡೆ ತಪ್ಪುತ್ತಾರೆ, ‘ಕೊರಳ ಸೆರೆ ಹಿಗ್ಗಿದವು ದೃಗುಜಲ’ ಎಂಬ ಸಾಲಿನಲ್ಲಿ ಎರಡೂ ಇವೆ. ಗಣ ಪದದ ನಡುವೆ ತುಂಡಾಗಬಹುದು: ‘ಸೆರೆಹಿ’ ಒಂದು ಗಣ, ‘ಗ್ಗಿದವು’ ಮತ್ತೊಂದು. ‘ದೃ’ ಎಂಬುದು ಹಿಂದಿನ ಅಕ್ಷರವನ್ನು ಗುರುವಾಗಿಸುವ ಒತ್ತಕ್ಷರವಲ್ಲ, ‘ದ’ಕಾರಕ್ಕೆ ‘ಋ’ ಸ್ವರ ಸೇರಿದ ಅಕ್ಷರ. ಆದ್ದರಿಂದ ಅದರ ಹಿಂದಿನ ‘ವು’ ಲಘುವಾಗಿಯೇ ಉಳಿಯುತ್ತದೆ.

8. ಬರವಣಿಗೆ ಮತ್ತು ಪರೀಕ್ಷೆ

ಪಾಲಕರೂ ಮುಖ್ಯ ಶಿಕ್ಷಕರೂ ಅಂಕಗಳನ್ನು ಕೇಳುತ್ತಾರೆ, ಕೇಳುವುದು ಸಹಜ. ಈ ಕ್ರಮದಲ್ಲಿ ಕಲಿತವರಿಗೆ ‘ಸಂದರ್ಭದೊಂದಿಗೆ ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆ ಸುಲಭವಾಗುತ್ತದೆ, ಏಕೆಂದರೆ ಸ್ವಾರಸ್ಯವೆಂದರೆ ಆರನೆಯ ಹಂತದಲ್ಲಿ ಅವರು ಆಡಿದ ಮಾತುಗಳೇ. ಅದನ್ನು ಮೂರು ಭಾಗಗಳಲ್ಲಿ ಬರೆಯುವ ರೂಢಿ ಮಾಡಿಸಿ: ಯಾರು ಯಾರಿಗೆ ಯಾವಾಗ ಹೇಳಿದ ಮಾತು, ಅದರ ಅರ್ಥ, ಆ ಮಾತಿನಲ್ಲಿ ಕಂಡ ವಿಶೇಷ. ಮೂರನೆಯ ಭಾಗದಲ್ಲಿ ಪದ್ಯದ ಒಂದು ಪದವನ್ನಾದರೂ ಉದ್ಧರಿಸಲೇಬೇಕೆಂದು ನಿಯಮ ಮಾಡಿ. ‘ಸ್ವಾರಸ್ಯಕರವಾಗಿ ಮೂಡಿಬಂದಿದೆ’ ಎಂದು ಮಾತ್ರ ಬರೆದವರಿಗೆ ಶಾಲೆಯ ಪರೀಕ್ಷೆಗಳಲ್ಲಿ ಆ ಭಾಗದ ಅಂಕ ಕೊಡಬೇಡಿ. ಪದ್ಯದ ಆಧಾರವಿದ್ದು ನಿಮ್ಮ ಅಭಿಪ್ರಾಯಕ್ಕಿಂತ ಬೇರೆಯದನ್ನು ಬರೆದವರಿಗೆ ಪೂರ್ಣ ಅಂಕ ಕೊಡಿ.

ಕಂಠಪಾಠದ ಪದ್ಯವನ್ನು ಕಟ್ಟಕಡೆಗೆ ಇಡಿ. ಐದು ಅವಧಿಗಳಲ್ಲಿ ಹತ್ತಾರು ಬಾರಿ ದನಿಯೆತ್ತಿ ಹೇಳಿದ ಸಾಲುಗಳು ಹೆಚ್ಚಿನವರ ಬಾಯಿಗೆ ಆಗಲೇ ಬಂದಿರುತ್ತವೆ. ಓದಲು ತಡವರಿಸುವ ಮಕ್ಕಳಿಗೆ ಇಡೀ ತರಗತಿಯ ಎದುರು ಹೇಳುವ ಶಿಕ್ಷೆ ಕೊಡಬೇಡಿ. ಊಟದ ಬಿಡುವಿನಲ್ಲಿ ನಿಮ್ಮೊಬ್ಬರ ಮುಂದೆ ಎರಡು ಸಾಲು ಹೇಳಲಿ, ಮರುದಿನ ಇನ್ನೆರಡು. ಅಕ್ಷರದಲ್ಲಿ ಹಿಂದುಳಿದ ಕೆಲವು ಮಕ್ಕಳು ಕಿವಿಯಿಂದ ಬಹಳ ಬೇಗ ಕಲಿಯುತ್ತಾರೆ. ಅಂಥವರು ಯಾರೆಂದು ಗುರುತಿಸಿಟ್ಟುಕೊಂಡು, ಮುಂದಿನ ಪದ್ಯಪಾಠದ ಮೂರನೆಯ ಓದನ್ನು ಅವರಲ್ಲಿ ಒಬ್ಬರಿಂದ ಮಾಡಿಸಿ.